ಜಮೀನು ಕೇಸುಗಳ ವಕೀಲಿಕೆ ಮಾಡಬೇಕು ಅಂತ ಇದೆ. ತಾಲೂಕು ಕೋರ್ಟಿಂದ ಶುರು ಮಾಡಲಾ, ಬೆಂಗಳೂರಿಗೆ ಹೋಗಲಾ?

ಹಿಂದಿನಬೆಂಚು:

ಎಲ್ಲರಿಗೂ ನಮಸ್ಕಾರ. ಬಿಕಾಂ ಆದ ಮೇಲೆ ಮೂರು ವರ್ಷದ ಎಲ್‌ಎಲ್‌ಬಿಗೆ ಸೇರಿದೆ, ಈಗ ಕೊನೇ ಸೆಮಿಸ್ಟರ್. ಊರು ಹಾವೇರಿ ಕಡೆ. ಆಸ್ತಿ ಮತ್ತು ಜಮೀನಿನ ಕೇಸುಗಳನ್ನೇ ಮಾಡಬೇಕು ಅಂತ ಮನಸ್ಸಿದೆ. ಕಾರಣನೂ ಇದೆ. ಹೈವೇ ಅಗಲ ಮಾಡುವಾಗ ನಮ್ಮ ಹೊಲದಲ್ಲಿ ಸ್ವಲ್ಪ ಭಾಗ ಹೋಯಿತು. ನೋಟಿಸ್ ಬಂತು, ಅಪ್ಪ ಕರೆದಲ್ಲಿಗೆ ಹೋಗಿ ಸಹಿ ಹಾಕಿ ಚೆಕ್ ತಗೊಂಡು ಬಂದರು. ಪರಿಹಾರ ಕಡಿಮೆ ಆಯಿತು ಅನ್ನಿಸಿದರೆ ಆರ್ಬಿಟ್ರೇಟರ್ ಹತ್ತಿರ ಕೇಳಬಹುದು ಅಂತ ಊರಲ್ಲಿ ಒಬ್ಬರೂ ಹೇಳಲಿಲ್ಲ. ಅದು ನನಗೆ ಗೊತ್ತಾಗಿದ್ದೇ ಕಾಲೇಜಿಗೆ ಬಂದ ಮೇಲೆ.

ಈಗ ಗೊಂದಲ ಏನಂದರೆ, ನಮ್ಮ ತಾಲೂಕಿನಲ್ಲಿ ಒಬ್ಬ ಸೀನಿಯರ್ ಬಾ ಅಂತಾರೆ, ಆದರೆ ದುಡ್ಡಿನ ಮಾತೇ ಎತ್ತಲ್ಲ. ಬೆಂಗಳೂರಿನಲ್ಲಿರೋ ನನ್ನ ಫ್ರೆಂಡ್ ಒಬ್ಬಳು ಟೈಟಲ್, ಅಂದರೆ ಆಸ್ತಿಯ ಹಕ್ಕಿನ ದಾಖಲೆ, ನೋಡೋ ಆಫೀಸಿಗೆ ಸೇರಿದ್ದಾಳೆ, ತಿಂಗಳಿಗೆ ಸಂಬಳ ಬರುತ್ತೆ, ಎಸಿ ರೂಮು, ಕೋರ್ಟಿನ ಮುಖವನ್ನೇ ನೋಡಿಲ್ಲ ಅಂತಾಳೆ. ಯಾವುದು ಸರಿ? ಭೂಸ್ವಾಧೀನದ ಕೇಸುಗಳನ್ನಷ್ಟೇ ನಂಬಿಕೊಂಡು ಬದುಕೋಕೆ ಆಗುತ್ತಾ? ಇನ್ನೊಂದು, ನಮ್ಮ ಕಡೆ "ಸಿವಿಲ್ ಹೆಣ್ಣುಮಕ್ಕಳಿಗೆ ಆಗಲ್ಲ, ಫ್ಯಾಮಿಲಿ ಕೋರ್ಟ್ ಮಾಡು" ಅನ್ನೋರೇ ಜಾಸ್ತಿ. ಇದರಲ್ಲಿ ಎಷ್ಟು ನಿಜ ಇದೆ ಅಂತ ಅನುಭವ ಇರೋರು ಹೇಳಿ ಪ್ಲೀಸ್.

ಹಿಸ್ಸಾನಂಬರ್:

ನಾನು ತಾಲೂಕು ಕೋರ್ಟಿನವನು. ಹಾಗಾಗಿ ನನ್ನ ಮಾತು ಆ ಕಡೆಗೇ ವಾಲುತ್ತೆ, ಅದನ್ನು ಮನಸ್ಸಲ್ಲಿಟ್ಟುಕೊಂಡು ಓದಿ.

ಮೊದಲು ಸುಲಭದ್ದು. ರಿಸಲ್ಟ್ ಬಂದ ಕೂಡಲೇ ರಾಜ್ಯ ವಕೀಲರ ಪರಿಷತ್ತಿನಲ್ಲಿ ಎನ್‌ರೋಲ್ ಆಗಿ. ಎನ್‌ರೋಲ್‌ಮೆಂಟ್ ಶುಲ್ಕ ಸಾಮಾನ್ಯ ವರ್ಗಕ್ಕೆ 750 ರೂಪಾಯಿ, ಎಸ್‌ಸಿ ಎಸ್‌ಟಿಯವರಿಗೆ 125 ರೂಪಾಯಿ. ಅದಕ್ಕಿಂತ ಜಾಸ್ತಿ ಕೇಳೋ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ 2024ರ ಜುಲೈನಲ್ಲೇ ಹೇಳಿದೆ. ಆಮೇಲೆ ಆಲ್ ಇಂಡಿಯಾ ಬಾರ್ ಪರೀಕ್ಷೆ. ಎನ್‌ರೋಲ್ ಆದ ಎರಡು ವರ್ಷದೊಳಗೆ ಪಾಸ್ ಆಗಬೇಕು. ಅದಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ.

ತಲೆ ಕೆಡಿಸಿಕೊಳ್ಳಬೇಕಾದ್ದು ಸೀನಿಯರ್ ಯಾರು ಅನ್ನೋದರ ಬಗ್ಗೆ. ಯಾರ ಆಫೀಸಿನಲ್ಲಿ ಫೈಲ್ ಜಾಸ್ತಿ ಅಂತ ನೋಡಬೇಡಿ. ಸಾಕ್ಷಿ ವಿಚಾರಣೆ ಯಾರು ಮಾಡುತ್ತಾರೆ, ಪಾಟೀಸವಾಲು ತಾವೇ ಮಾಡುತ್ತಾರಾ ಅಥವಾ ರಾಜಿ ಮಾಡಿಸಿ ಫೈಲ್ ಮುಗಿಸುತ್ತಾರಾ ನೋಡಿ. ಒಂದು ವಾರ ಕೋರ್ಟ್ ಹಾಲಿನ ಹಿಂದಿನ ಸಾಲಿನಲ್ಲಿ ಕೂತರೆ ತಾನಾಗಿ ಗೊತ್ತಾಗುತ್ತೆ. ಬರೀ ಡೇಟ್ ತಗೊಳ್ಳೋ ಕೆಲಸಕ್ಕೆ ಜೂನಿಯರ್‌ನ ಇಟ್ಟುಕೊಳ್ಳೋ ಆಫೀಸುಗಳೂ ಬೇಕಾದಷ್ಟಿವೆ, ಅಲ್ಲಿ ಐದು ವರ್ಷ ಕಳೆದರೂ ದಾವಾ ಬರೆಯೋಕೆ ಬರಲ್ಲ.

ಜಮೀನಿನ ಕೇಸು ಅಂದರೆ ತಾಲೂಕಿನಲ್ಲಿ ಮುಖ್ಯವಾಗಿ ಮೂರೋ ನಾಲ್ಕೋ ಥರ. ಪಾಲು ವಿಭಾಗ, ತಡೆಯಾಜ್ಞೆ, ಹಕ್ಕು ಘೋಷಣೆ, ಮತ್ತೆ ಅಗ್ರಿಮೆಂಟ್ ಮಾಡಿಕೊಂಡು ರಿಜಿಸ್ಟರ್ ಮಾಡಿಕೊಡದೆ ಇದ್ದಾಗ ಹಾಕೋ ದಾವಾ. ಕೇಳೋಕೆ ಸುಲಭ. ಆದರೆ ಯಾವ ದಾವಾ ಹಾಕಬೇಕು ಅನ್ನೋದರಲ್ಲೇ ಅರ್ಧ ಕೇಸು ಇರುತ್ತೆ. ಉದಾಹರಣೆಗೆ ಪಕ್ಕದವನು ಬಂದು ಬದು ಒಡೆದ ಅಂತ ಕಕ್ಷಿದಾರ ಓಡಿ ಬರ್ತಾನೆ. ಅವಸರದಲ್ಲಿ ಬರೀ ತಡೆಯಾಜ್ಞೆ ಕೇಳಿ ದಾವಾ ಹಾಕಿಬಿಡ್ತಾರೆ. ಎದುರುಗಡೆಯವನು ತಕರಾರು ಸಲ್ಲಿಸಿ "ಜಮೀನೇ ನನ್ನದು, ಇಗೋ ಕ್ರಯಪತ್ರ" ಅಂತಾನೆ. ಹಕ್ಕಿನ ಬಗ್ಗೆ ನಿಜವಾದ ತಕರಾರು ಇದ್ದರೆ ಘೋಷಣೆಯನ್ನೂ ಕೇಳಬೇಕು ಅಂತ ಸುಪ್ರೀಂ ಕೋರ್ಟ್ 2008ರಲ್ಲಿ ಅನಾತುಲ ಸುಧಾಕರ್ ಕೇಸಿನಲ್ಲಿ ಬಿಡಿಸಿ ಹೇಳಿದೆ. ಆ ತೀರ್ಪನ್ನು ಪೂರ್ತಿ ಓದಿ. ತಾಲೂಕು ಕೋರ್ಟಿನಲ್ಲಿ ವಾರಕ್ಕೊಮ್ಮೆ ಆದರೂ ಅದರ ಹೆಸರು ಕಿವಿಗೆ ಬೀಳುತ್ತೆ.

ಇನ್ನೊಂದು, ಯಾವ ಕಾಲೇಜಲ್ಲೂ ಹೇಳಿಕೊಡಲ್ಲ ಇದನ್ನು. ದಾವಾ ಆಸ್ತಿಯ ಷೆಡ್ಯೂಲ್ ಬರೆಯೋದು. ಸರ್ವೆ ನಂಬರ್, ಹಿಸ್ಸಾ, ಎಕರೆ ಗುಂಟೆ, ನಾಲ್ಕು ದಿಕ್ಕಿನ ಚೆಕ್ಕುಬಂದಿ. ಹೆಚ್ಚಿನವರು ಹಳೇ ಕ್ರಯಪತ್ರದ ಚೆಕ್ಕುಬಂದಿಯನ್ನೇ ಇಳಿಸಿಬಿಡ್ತಾರೆ. ಪತ್ರ 1968ರದ್ದು ಅಂದುಕೊಳ್ಳಿ, ಪೂರ್ವಕ್ಕೆ ಬಸಪ್ಪನ ಜಮೀನು ಅಂತ ಇದೆ. ಈಗ ಬಸಪ್ಪನೂ ಇಲ್ಲ, ಅವನ ಜಮೀನು ಮೂರು ಹಿಸ್ಸೆ ಆಗಿದೆ, ಮಧ್ಯದಲ್ಲಿ ದಾರಿ ಬೇರೆ ಬಂದಿದೆ. ದಾವಾ ಗೆದ್ದು ಡಿಕ್ರಿ ತಗೊಂಡು ಅಮಲ್ಜಾರಿಗೆ (ಡಿಕ್ರಿ ಜಾರಿ ಮಾಡಿಸೋಕೆ) ಹೋದಾಗ ಕೋರ್ಟಿನ ಅಮೀನ ಹೊಲದಲ್ಲಿ ನಿಂತು ಯಾವುದು ಅಂತ ಕೇಳ್ತಾನೆ. ಆಗ ಮತ್ತೆ ಕೋರ್ಟ್ ಕಮಿಷನರ್, ಮತ್ತೆ ಸರ್ವೆ, ಮತ್ತೆ ತಕರಾರು. ಮೊದಲ ದಿನವೇ ಹೊಲಕ್ಕೆ ಹೋಗಿ ನೋಡಿ ಬರೆದಿದ್ದರೆ ಇದ್ಯಾವುದೂ ಬೇಕಿರಲಿಲ್ಲ.

ಸಿವಿಲ್ ಕೋರ್ಟ್ ಜೊತೆಗೇ ಎಸಿ (ಅಸಿಸ್ಟೆಂಟ್ ಕಮಿಷನರ್) ಕೋರ್ಟನ್ನೂ ಬಿಡಬೇಡಿ. ಮ್ಯುಟೇಷನ್, ಅಂದರೆ ಪಹಣಿಯಲ್ಲಿ ಹೆಸರು ಬದಲಾವಣೆಯ ತಕರಾರು, ತಹಶೀಲ್ದಾರ್ ಹತ್ತಿರ ಶುರುವಾಗಿ, ಭೂಕಂದಾಯ ಕಾಯ್ದೆಯ 136ನೇ ಕಲಂ ಪ್ರಕಾರ ಎಸಿಗೆ ಮೇಲ್ಮನವಿ, ಅಲ್ಲಿಂದ ಡಿಸಿಗೆ ಹೋಗುತ್ತೆ. ಕೋರ್ಟಿನ ಸೀನಿಯರ್‌ಗಳಲ್ಲಿ ಬಹಳ ಜನ ಅದನ್ನು ಕೀಳು ಕೆಲಸ ಅನ್ನೋ ಥರ ನೋಡ್ತಾರೆ. ಪಹಣಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಜಮೀನು ಅವರದ್ದಾಗಲ್ಲ, ಅದು ಸರಿ. ಆದರೆ ಜನರಿಗೆ ಬೆಳೆ ಸಾಲ, ಬೆಳೆ ಪರಿಹಾರ ಎಲ್ಲ ನಿಂತಿರೋದು ಆ ಹೆಸರಿನ ಮೇಲೆ. ಅದಕ್ಕೇ ಕಕ್ಷಿದಾರರು ಮೊದಲು ಬರೋದು ಆ ಕಾಗದ ಹಿಡಿದುಕೊಂಡೇ.

ದುಡ್ಡು? ಮೊದಲ ಎರಡು ಮೂರು ವರ್ಷ ಬಸ್ ಚಾರ್ಜಿಗೂ ಊಟಕ್ಕೂ ಸರಿಹೋದರೆ ಪುಣ್ಯ. ಸುಳ್ಳು ಹೇಳಲ್ಲ. ಮನೆಯಲ್ಲಿ ಊಟ, ಮನೆಯಿಂದಲೇ ಕೋರ್ಟ್ ಅನ್ನೋ ಅನುಕೂಲ ಇದ್ದರೆ ಮಾತ್ರ ತಾಲೂಕು ಸುಲಭ.

ಫಾರಂ15:

ಹಿಸ್ಸಾನಂಬರ್ ಹೇಳಿದ್ದಕ್ಕೆ ನನ್ನ ತಕರಾರಿಲ್ಲ. ಆದರೆ ಟೈಟಲ್ ಆಫೀಸು ಅಂದರೆ ಎಸಿ ರೂಮಲ್ಲಿ ಕೂತು ಝೆರಾಕ್ಸ್ ತಿರುವಿ ಹಾಕೋದು ಅಂತ ಯಾರೂ ಅಂದುಕೊಳ್ಳಬೇಡಿ. ನಾನು ಬೆಂಗಳೂರಿನಲ್ಲಿ ಇದೇ ಕೆಲಸ ಮಾಡೋದು. ಬಿಲ್ಡರ್‌ಗಳು, ಬ್ಯಾಂಕುಗಳು, ಆಮೇಲೆ ಜೀವಮಾನದ ಉಳಿತಾಯ ಹಾಕಿ ಒಂದು ಸೈಟು ತಗೊಳ್ಳೋ ಸಾಮಾನ್ಯ ಜನ.

ಒಂದು ಜಮೀನಿನ ಫೈಲ್ ಬಂತು ಅಂದುಕೊಳ್ಳಿ. ಪಹಣಿಯಲ್ಲಿ 9ನೇ ಕಾಲಂನಲ್ಲಿ ಸ್ವಾಧೀನದಾರರ ಹೆಸರು, 10ರಲ್ಲಿ ಅದು ಹೇಗೆ ಬಂತು ಅನ್ನೋದು, ಅಲ್ಲಿ ಎಂ.ಆರ್. (ಮ್ಯುಟೇಷನ್ ರಿಜಿಸ್ಟರ್) ನಂಬರ್ ಇರುತ್ತೆ, 11ರಲ್ಲಿ ಋಣ ಮತ್ತು ಇತರ ಹಕ್ಕುಗಳು, 12ರಲ್ಲಿ ಸಾಗುವಳಿ. ಹೊಸಬರು 9 ನೋಡಿ ನಿಲ್ಲಿಸ್ತಾರೆ. ನಾವು 10 ಹಿಡಿದು ಹಿಂದಕ್ಕೆ ಹೋಗ್ತೀವಿ. ಆ ಎಂ.ಆರ್. ತೆಗೆಸಿ, ಅದರಲ್ಲಿ ಹೇಳಿರೋ ಕ್ರಯಪತ್ರ ತೆಗೆಸಿ, ಆ ಪತ್ರದಲ್ಲಿ ಮಾರಿದವನಿಗೆ ಹೇಗೆ ಬಂತು ಅಂತ ನೋಡಿ, ಹೀಗೇ ಕೈಬರಹದ ಪಹಣಿವರೆಗೆ. ಮಧ್ಯದಲ್ಲಿ ಎಲ್ಲೋ ಒಂದು ಕಡೆ ಕೊಂಡಿ ಕಳಚಿರುತ್ತೆ. ತಾತ ಸತ್ತಾಗ ಪೌತಿ ಖಾತೆ ಇಬ್ಬರು ಗಂಡುಮಕ್ಕಳ ಹೆಸರಿಗೆ ಆಗಿರುತ್ತೆ, ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರೇ ಇರಲ್ಲ. ಅಥವಾ ಮಾರಿದಾಗ ಒಬ್ಬ ಮಗ ಮೈನರ್ ಆಗಿರ್ತಾನೆ.

1974ರ ಆಸುಪಾಸು ಬಂದಾಗ ಇನ್ನಷ್ಟು ಹುಷಾರಾಗಿರಬೇಕು. ಆ ವರ್ಷ ಮಾರ್ಚ್ 1ಕ್ಕೆ ಗೇಣಿ ಜಮೀನುಗಳೆಲ್ಲ ಸರ್ಕಾರಕ್ಕೆ ಸೇರಿ, ಗೇಣಿದಾರರು ಫಾರಂ 7 ಹಾಕಿ ಭೂನ್ಯಾಯ ಮಂಡಳಿಯಿಂದ ಅಧಿಭೋಗದ ಹಕ್ಕು ತಗೊಂಡರು. ಆ ಹಕ್ಕಿಗೆ 15 ವರ್ಷ ಮಾರಬಾರದು ಅನ್ನೋ ಷರತ್ತಿತ್ತು. ಅವಧಿಯೊಳಗೆ ಮಾರಿದ್ದಾರಾ, ಮಂಡಳಿ ಆದೇಶದ ಮೇಲೆ ರಿಟ್ ಬಾಕಿ ಇದೆಯಾ, ಎಲ್ಲ ನೋಡಬೇಕು. ಎಸ್‌ಸಿ ಎಸ್‌ಟಿಯವರಿಗೆ ಮಂಜೂರಾದ ಜಮೀನಾದರೆ ಅದರ ಪರಭಾರೆ ತಡೆಯೋ ಪಿಟಿಸಿಎಲ್ ಕಾಯ್ದೆ ಬರುತ್ತೆ. ಸರ್ಕಾರದ ಅನುಮತಿ ಇಲ್ಲದೆ ಕೊಂಡಿದ್ದರೆ ಜಮೀನು ವಾಪಸ್ ಹೋಗುತ್ತೆ, ಮನೆ ಕಟ್ಟಿಕೊಂಡಿದ್ದೀವಿ ಅಂದರೂ ಕೇಳಲ್ಲ. ತುಂಬಾ ತಡವಾಗಿ ಅರ್ಜಿ ಹಾಕಿದರು ಅನ್ನೋ ವಾದಕ್ಕೆ ಮೊದಲು ಕೋರ್ಟುಗಳಲ್ಲಿ ಬೆಲೆ ಇತ್ತು. 2023ರಲ್ಲಿ ರಾಜ್ಯ ಸರ್ಕಾರ ತಿದ್ದುಪಡಿ ತಂದು ಕಾಲಮಿತಿ ಇಲ್ಲ ಅಂತ ಹಾಕಿತು. ನಿನ್ನೆ ಬರೆದ ಅಭಿಪ್ರಾಯವನ್ನು ಇವತ್ತು ಮತ್ತೆ ನೋಡಬೇಕು ಅನ್ನೋ ಸ್ಥಿತಿ ಬಂತು ನಮಗೆಲ್ಲ. ಭೂಸುಧಾರಣಾ ಕಾಯ್ದೆಯಲ್ಲಿ ಕೃಷಿ ಜಮೀನು ಕೊಳ್ಳೋಕೆ ಮಿತಿ ಹಾಕಿದ್ದ 79ಎ, 79ಬಿ ಕಲಂ ಹೋಗಿದ್ದು 2020ರಲ್ಲಿ, ಅದಕ್ಕೆ ಮುಂಚೆ ವ್ಯವಸಾಯಗಾರ ಅಲ್ಲದವನು ಕೊಂಡ ಜಮೀನಾದರೆ ಅದಕ್ಕೊಂದು ಬೇರೆ ವಿಚಾರಣೆ.

ಖರಾಬು ಅಂತ ಇನ್ನೊಂದಿದೆ. ಸರ್ವೆಯ ವಿಸ್ತೀರ್ಣ ಬರೆದಿರೋ ಆಕಾರಬಂದ್‌ನಲ್ಲಿ ಒಟ್ಟು 4 ಎಕರೆ, ಅದರಲ್ಲಿ 10 ಗುಂಟೆ ಖರಾಬು ಅಂತ ಇರುತ್ತೆ. ಅದು ಎ ಖರಾಬಾ, ಬಿ ಖರಾಬಾ? ಎ ಆದರೆ ಕಲ್ಲು ಬಂಡೆ ಅಂತ ಸಾಗುವಳಿಗೆ ಬಾರದ ಜಾಗ, ಜಮೀನಿನ ಜೊತೆಗೇ ಬರುತ್ತೆ. ಬಿ ಆದರೆ ದಾರಿ, ಹಳ್ಳ, ಸ್ಮಶಾನ, ಅಂದರೆ ಸಾರ್ವಜನಿಕರದ್ದು. ಬಿ ಖರಾಬನ್ನೂ ಸೇರಿಸಿ ಲೇಔಟ್ ಪ್ಲಾನ್ ಮಾಡಿಕೊಂಡು ಬಂದು ನಿಂತಿರ್ತಾರೆ, ಅದಕ್ಕೂ ಒಂದು ಕ್ಲಿಯರೆನ್ಸ್ ಕೊಡಿ ಸರ್ ಅಂತ.

ಅಲ್ಲೇ ಈ ಕೆಲಸದ ಕಷ್ಟ ಇರೋದು. ಬ್ಯಾಂಕ್ ಪ್ಯಾನೆಲ್‌ನಲ್ಲಿದ್ದರೆ ಒಂದೊಂದು ರಿಪೋರ್ಟಿಗೆ ಇಷ್ಟು ಅಂತ ಫೀಸು. ಜಾಸ್ತಿ ಪ್ರಶ್ನೆ ಕೇಳೋ ವಕೀಲರ ಹತ್ತಿರ ಫೈಲು ಬರೋದು ಕಡಿಮೆ ಆಗುತ್ತೆ. "ನೀವು ಬಿಟ್ಟು ಬೇರೆ ಯಾರೂ ಇದನ್ನು ಕೇಳಲ್ಲ" ಅಂತಾರೆ. ಆದರೂ ಕೇಳಬೇಕು. ಸಹಿ ನಿಮ್ಮದು.

ನಿಮ್ಮ ಫ್ರೆಂಡ್ ಕೋರ್ಟಿನ ಮುಖ ನೋಡಿಲ್ಲ ಅಂದರಲ್ಲ, ಅದು ನನಗೆ ಸರಿ ಕಾಣಲ್ಲ. ಒಂದು ಪತ್ರದ ಲೋಪ ಕೋರ್ಟಿನಲ್ಲಿ ಹೇಗೆ ಒಡೆದುಹೋಗುತ್ತೆ ಅಂತ ಕಣ್ಣಾರೆ ನೋಡದವರು ಟೈಟಲ್ ಬರೆದರೆ, ಎಲ್ಲಕ್ಕೂ ಹೆದರಿ ಹತ್ತು ಪುಟ ಷರತ್ತು ಬರೀತಾರೆ, ಇಲ್ಲಾ ಯಾವುದಕ್ಕೂ ಹೆದರದೆ ಬರೀತಾರೆ. ನನ್ನ ಲೆಕ್ಕದಲ್ಲಿ ಮೊದಲು ಟ್ರಯಲ್, ಆಮೇಲೆ ಟೈಟಲ್. ಮೂರು ನಾಲ್ಕು ವರ್ಷ ತಾಲೂಕು ಕೋರ್ಟಿನಲ್ಲಿದ್ದು ಬಂದವರಿಗೆ ನಮ್ಮ ಕಡೆ ಬೇಡಿಕೆ ಇದೆ, ಯಾಕೆಂದರೆ ಅವರಿಗೆ ಹಳೇ ಕೈಬರಹ ಓದೋಕೆ ಬರುತ್ತೆ. ಇಂಗ್ಲಿಷ್ ಆರು ತಿಂಗಳಲ್ಲಿ ಸುಧಾರಿಸುತ್ತೆ. ಕೈಬರಹದ ಎಂ.ಆರ್. ಓದೋದನ್ನು ಇಲ್ಲಿ ಕೂತು ಕಲಿಯೋಕೆ ಆಗಲ್ಲ.

ಸಂಜೆಕಾಲೇಜು:

ಇಷ್ಟೆಲ್ಲಾ ಯಾಕೆ, ಸಿವಿಲ್ ಜಡ್ಜ್ ಪರೀಕ್ಷೆ ಬರೀರಿ, ಸಂಬಳ, ಕ್ವಾರ್ಟರ್ಸ್, ಗೌರವ, ಆರಾಮ.

ಹಿಸ್ಸಾನಂಬರ್:

ಸಂಜೆಕಾಲೇಜು ಅವರೇ, ಸುಪ್ರೀಂ ಕೋರ್ಟ್ 2025ರ ಮೇನಲ್ಲಿ ಮೂರು ವರ್ಷ ವಕೀಲಿಕೆ ಮಾಡಿರಲೇಬೇಕು ಅಂತ ಮತ್ತೆ ತಂದಿದೆ. ಕಾಲೇಜಿಂದ ನೇರ ಪರೀಕ್ಷೆಗೆ ಹೋಗೋ ಕಾಲ ಮುಗೀತು. ಅದಕ್ಕೂ ಮೊದಲು ನಮ್ಮ ಬೆಂಚಿಗೇ ಬರಬೇಕು. ಮತ್ತೆ ಜಡ್ಜ್ ಕೆಲಸ ಆರಾಮ ಅಂತ ಯಾರು ಹೇಳಿದ್ದು ನಿಮಗೆ?

ಮೇಲ್ಮನವಿ:

ಭೂಸ್ವಾಧೀನದ ಬಗ್ಗೆ ಕೇಳಿದ್ದೀರಿ, ಅದಕ್ಕೆ ನಾನು ಹೇಳ್ತೀನಿ. ಕೆಲಸ ಮಾಡೋದು ಧಾರವಾಡ ಪೀಠದಲ್ಲಿ. ಹಾವೇರಿ ಅಂದರೆ ನಿಮ್ಮ ಹೈಕೋರ್ಟ್ ಕೆಲಸವೂ ಇಲ್ಲಿಗೇ ಬರುತ್ತೆ, ಬೆಂಗಳೂರಿಗೆ ಹೋಗಲೇಬೇಕು ಅಂತಿಲ್ಲ. 2008ರಲ್ಲಿ ಇಲ್ಲಿ ಪೀಠ ಶುರುವಾದ ಮೇಲೆ ಈ ಭಾಗದ ಜೂನಿಯರ್‌ಗಳಿಗೆ ಅದೊಂದು ದೊಡ್ಡ ಅನುಕೂಲ ಆಗಿದೆ.

ಆಸ್ತಿ ಹಕ್ಕು ಈಗ ಮೂಲಭೂತ ಹಕ್ಕಲ್ಲ. 1978ರ 44ನೇ ತಿದ್ದುಪಡಿಯಲ್ಲಿ ಅದನ್ನು ತೆಗೆದು 300ಎ ವಿಧಿಗೆ ಹಾಕಿದರು. ಕಾನೂನಿನ ಪ್ರಕಾರ ಅಲ್ಲದೆ ಯಾರ ಆಸ್ತಿಯನ್ನೂ ಕಿತ್ತುಕೊಳ್ಳೋ ಹಾಗಿಲ್ಲ, ಅಷ್ಟೇ ಅದರಲ್ಲಿರೋದು. ಅಷ್ಟರಲ್ಲೇ ಬೇಕಾದಷ್ಟು ಕೆಲಸ ಇದೆ. ಪರಿಹಾರ ಕೊಡದೆ ರಸ್ತೆ ಮಾಡಿಬಿಟ್ಟು ದಶಕಗಳಾದ ಮೇಲೂ ಜನ ಕೋರ್ಟಿಗೆ ಬಂದು ಗೆದ್ದಿದ್ದಾರೆ. 2020ರ ವಿದ್ಯಾದೇವಿ ಕೇಸು ಓದಿ, ಹಿಮಾಚಲದ ಒಬ್ಬ ವಯಸ್ಸಾದ ಹೆಣ್ಣುಮಗಳದ್ದು.

ಈ ಕ್ಷೇತ್ರದಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ. ಯಾವ ಕಾಯ್ದೆಯಲ್ಲಿ ಜಮೀನು ಹೋಗ್ತಿದೆ? ಹೆದ್ದಾರಿಗೆ ಆದರೆ 1956ರ ಕಾಯ್ದೆ. ಕೈಗಾರಿಕೆಗೆ ಆದರೆ ಕೆಐಎಡಿಬಿಯ 1966ರ ಕಾಯ್ದೆ. ಬೆಂಗಳೂರಲ್ಲಿ ಬಡಾವಣೆಗೆ ಆದರೆ ಬಿಡಿಎಯ 1976ರದ್ದು. ಇಲ್ಲಾಂದರೆ 2014ರ ಜನವರಿ 1ರಿಂದ ಜಾರಿಗೆ ಬಂದ 2013ರ ಕಾಯ್ದೆ. ಅದಕ್ಕೂ ಹಿಂದಿನದಾದರೆ 1894ರದ್ದು. ಪ್ರತಿಯೊಂದಕ್ಕೂ ನೋಟಿಸು ಬೇರೆ, ಗಡುವು ಬೇರೆ, ಹೋಗೋ ಬಾಗಿಲು ಬೇರೆ. ಕೆಐಎಡಿಬಿಯಲ್ಲಿ ಒಪ್ಪಂದದ ದರಕ್ಕೆ ಸಹಿ ಹಾಕಿದ ಮೇಲೆ ಜಾಸ್ತಿ ಬೇಕು ಅಂತ ಬಂದರೆ ನಮ್ಮ ಕೈಲಿ ಹೆಚ್ಚೇನೂ ಉಳಿದಿರಲ್ಲ. ರೈತರು ವಕೀಲರ ಹತ್ತಿರ ಬರೋದೇ ಸಹಿ ಆದ ಮೇಲೆ, ಅದೇ ದುಃಖ.

ಪರಿಹಾರದ ಲೆಕ್ಕ ಒಂದು ಸಲ ಕೈಯಲ್ಲಿ ಮಾಡಿ ನೋಡಿ. 2013ರ ಕಾಯ್ದೆಯಲ್ಲಿ ಮಾರುಕಟ್ಟೆ ಬೆಲೆ ಎಕರೆಗೆ 20 ಲಕ್ಷ ಅಂತ ಬಂತು ಅಂದುಕೊಳ್ಳಿ. ಹಳ್ಳಿ ಪ್ರದೇಶಕ್ಕೆ ಒಂದರಿಂದ ಎರಡರವರೆಗೆ ಗುಣಕ ಇದೆ, ಒಂದೂವರೆ ಅಂತ ಹಿಡಿದರೆ 30 ಲಕ್ಷ. ಅದರ ಮೇಲೆ ನೂರಕ್ಕೆ ನೂರು ಸೋಲೇಷಿಯಂ (ಒತ್ತಾಯದಿಂದ ಜಮೀನು ತಗೊಂಡಿದ್ದಕ್ಕೆ ಕೊಡೋ ಹೆಚ್ಚುವರಿ ಹಣ), 60 ಲಕ್ಷ ಆಯಿತು. ಹಳೇ ಕಾಯ್ದೆಯಲ್ಲಿ ಅದು ಬರೀ 30 ಪರ್ಸೆಂಟ್ ಇತ್ತು. ಮರ, ಬೋರ್‌ವೆಲ್, ಮನೆ ಇದ್ದರೆ ಸೋಲೇಷಿಯಂಗೆ ಮುಂಚೆಯೇ ಸೇರಿಸಬೇಕು. ಹೆದ್ದಾರಿ ಸ್ವಾಧೀನಕ್ಕೂ ಈಗ 2013ರ ಕಾಯ್ದೆಯ ಲೆಕ್ಕವೇ ಅನ್ವಯ ಆಗುತ್ತೆ. ಹೆದ್ದಾರಿ ಅಂತ ಸೋಲೇಷಿಯಂ ತಪ್ಪಿಸೋ ಹಾಗಿಲ್ಲ ಅಂತ ಹಳೇ ಸ್ವಾಧೀನಗಳಿಗೂ 2019ರ ತರ್ಸೇಮ್ ಸಿಂಗ್ ಕೇಸಿನಲ್ಲಿ ತೀರ್ಮಾನ ಆಯಿತು.

ಹಾಗಾದರೆ ಜಗಳ ಎಲ್ಲಿ? ಆ ಮೊದಲ 20 ಲಕ್ಷದಲ್ಲಿ. ಅದು 12 ಅಂತ ಅಧಿಕಾರಿ, 40 ಅಂತ ರೈತ. ಲೆಕ್ಕ ಮಾಡೋದು ಗೈಡೆನ್ಸ್ ಬೆಲೆ ನೋಡಿ, ಇಲ್ಲಾ ಹಿಂದಿನ ಮೂರು ವರ್ಷ ಆ ಸುತ್ತಲಿನ ಕ್ರಯಪತ್ರಗಳಲ್ಲಿ ಜಾಸ್ತಿ ಬೆಲೆಯ ಅರ್ಧ ಪತ್ರಗಳ ಸರಾಸರಿ ನೋಡಿ. ಯಾವುದು ಹೆಚ್ಚೋ ಅದು. ಈಗ ನಮ್ಮ ಊರುಗಳಲ್ಲಿ ಏನು ನಡೆಯುತ್ತೆ ನಿಮಗೇ ಗೊತ್ತು. 40ಕ್ಕೆ ಮಾತಾಡಿ, ಸ್ಟ್ಯಾಂಪ್ ಶುಲ್ಕ ಉಳಿಸೋಕೆ ಪತ್ರದಲ್ಲಿ 12 ಬರೆಸ್ತಾರೆ. ಎಲ್ಲರೂ ಹಾಗೇ ಮಾಡಿದ ಊರಿಗೆ ಸ್ವಾಧೀನದ ನೋಟಿಸ್ ಬಂದಾಗ, ಕೋರ್ಟಿನ ಮುಂದೆ ಇರೋ ಸಾಕ್ಷಿ ಆ 12ರ ಪತ್ರಗಳೇ. ಅಡಿಕೆ ತೋಟದ ಇಳುವರಿ, ಪೇಟೆಗೆ ಎಷ್ಟು ದೂರ, ರಸ್ತೆ ಪಕ್ಕಕ್ಕೆ ಇದೆಯಾ, ಪಕ್ಕದ ಹಳ್ಳಿಗೆ ಕೋರ್ಟ್ ಕೊಟ್ಟ ದರ ಎಷ್ಟು, ಇವನ್ನೆಲ್ಲ ಸಾಕ್ಷಿಯಾಗಿ ಕಟ್ಟೋದೇ ಈ ವಕೀಲಿಕೆ. ಭಾಷಣ ಅಲ್ಲ.

ಇದನ್ನಷ್ಟೇ ನಂಬಿ ಬದುಕೋಕೆ ಮೊದಲ ವರ್ಷಗಳಲ್ಲಿ ಆಗಲ್ಲ. ಸ್ವಾಧೀನ ಅನ್ನೋದು ಯೋಜನೆ ಬಂದಾಗ ಒಟ್ಟಿಗೆ ಬರುತ್ತೆ, ಆಮೇಲೆ ವರ್ಷಗಟ್ಟಲೆ ಎಳೆಯುತ್ತೆ, ಫೀಸು ನಿಧಾನ. ಪಾಲು ವಿಭಾಗದ ಕೇಸುಗಳು ಮನೆ ನಡೆಸುತ್ತವೆ.

ಫೀಸಿನ ಬಗ್ಗೆ ಒಂದು ಮಾತು ಖಡಾಖಂಡಿತ. "ಬಂದ ಪರಿಹಾರದಲ್ಲಿ ಇಷ್ಟು ಪರ್ಸೆಂಟ್ ನನಗೆ" ಅಂತ ಮಾತಾಡಿಕೊಳ್ಳೋ ವಕೀಲರನ್ನು ನೀವು ನೋಡೇ ನೋಡ್ತೀರಿ. ಫಲಿತಾಂಶದ ಮೇಲೆ ಫೀಸು ನಿಗದಿ ಮಾಡೋದು, ಬಂದದ್ದರಲ್ಲಿ ಪಾಲು ಕೇಳೋದು ವಕೀಲರ ಪರಿಷತ್ತಿನ ನಿಯಮದ ಪ್ರಕಾರ ದುರ್ನಡತೆ. ತಾನು ನಡೆಸಿದ ಕೇಸಿನ ಡಿಕ್ರಿಯಲ್ಲಿ ಹರಾಜಾಗೋ ಆಸ್ತಿಯನ್ನು ಬೇರೆಯವರ ಹೆಸರಲ್ಲೂ ಕೊಳ್ಳೋ ಹಾಗಿಲ್ಲ. ಎಲ್ಲರೂ ಮಾಡ್ತಾರೆ ಅಂತ ಹೇಳೋ ಸೀನಿಯರ್ ಸಿಕ್ಕರೆ ಅಲ್ಲಿಂದ ಹೊರಡಿ.

ಮತ್ತೆ, ಎಲ್ಲ ಜಮೀನೂ ಕೋರ್ಟಿನಿಂದಲೇ ಉಳಿಯುತ್ತೆ ಅಂತ ಅಂದುಕೊಳ್ಳಬೇಡಿ. ದೇವನಹಳ್ಳಿ ತಾಲೂಕಿನ ಚನ್ನರಾಯಪಟ್ಟಣ ಹೋಬಳಿಯ 1,777 ಎಕರೆಯನ್ನು ಸರ್ಕಾರ 2025ರ ಜುಲೈನಲ್ಲಿ ಕೈಬಿಟ್ಟಿದ್ದು ಮೂರು ವರ್ಷಕ್ಕೂ ಜಾಸ್ತಿ ರೈತರು ಬೀದಿಯಲ್ಲಿ ಕೂತಿದ್ದಕ್ಕೆ.

ನಿಮ್ಮ ತಂದೆಯವರ ವಿಷಯ: ಅವಾರ್ಡ್ (ಪರಿಹಾರದ ಆದೇಶ) ಪ್ರತಿ, ಚೆಕ್ ಪಡೆದಾಗ ಏನು ಬರೆದು ಸಹಿ ಹಾಕಿದರು, ಯಾವ ತಾರೀಕು, ಈ ಮೂರನ್ನು ತಗೊಂಡು ಈ ಕೆಲಸ ಮಾಡೋ ವಕೀಲರೊಬ್ಬರಿಗೆ ತೋರಿಸಿ. ಇಲ್ಲಿ ಬರೆದು ತಿಳಿಯೋ ವಿಷಯ ಅಲ್ಲ ಅದು.

ಹಿಂದಿನಬೆಂಚು:

ಮೇಲ್ಮನವಿ ಸರ್, ಆ 12 ಮತ್ತು 40ರ ಲೆಕ್ಕ ಓದಿ ಸುಮ್ನೆ ಕೂತುಬಿಟ್ಟೆ. ನಮ್ಮೂರಲ್ಲೂ ಎಲ್ಲ ಪತ್ರ ಹಾಗೇ. ಎಲ್ಲರಿಗೂ ಥ್ಯಾಂಕ್ಸ್. ಹೆಣ್ಣುಮಕ್ಕಳ ವಿಷಯ ಮಾತ್ರ ಯಾರೂ ಮುಟ್ಟಲಿಲ್ಲ 🙂

ಕರಿಕೋಟು:

ನಾನು ಮುಟ್ಟುತ್ತೀನಿ. ಜಿಲ್ಲಾ ಕೋರ್ಟಿನಲ್ಲಿ ಸಿವಿಲ್ ಮಾಡ್ತೀನಿ, ಹೆಂಗಸು.

"ಸಿವಿಲ್ ಆಗಲ್ಲ" ಅನ್ನೋದರ ಹಿಂದೆ ಇರೋದು ಏನು ಗೊತ್ತಾ? ಹೊಲಕ್ಕೆ ಹೋಗಬೇಕು, ಸರ್ವೇಯರ್ ಜೊತೆ ಬದು ಸುತ್ತಬೇಕು, ತಹಶೀಲ್ದಾರ್ ಕಚೇರಿ ರೆಕಾರ್ಡ್ ರೂಮಿನಲ್ಲಿ ಗುಮಾಸ್ತರ ಜೊತೆ ಗುದ್ದಾಡಬೇಕು, ಇದನ್ನೆಲ್ಲ ಹುಡುಗಿ ಮಾಡಲ್ಲ ಅನ್ನೋ ಲೆಕ್ಕ. ಅದಕ್ಕೆ ಜೂನಿಯರ್ ಹುಡುಗರನ್ನು ಸ್ಪಾಟಿಗೆ ಕಳಿಸ್ತಾರೆ, ನಮ್ಮನ್ನು ಆಫೀಸಿನಲ್ಲಿ ಟೈಪ್ ಮಾಡೋಕೆ ಕೂರಿಸ್ತಾರೆ. ನೀವಾಗಿ ಕೇಳಿ ಹೋಗಬೇಕು. ಸರ್ವೆ ನಡೆಯೋ ದಿನ ನಾನೂ ಬರ್ತೀನಿ ಸರ್ ಅಂತ ಮೊದಲ ತಿಂಗಳೇ ಹೇಳಿ. ಟಿಪ್ಪಣಿ ಅನ್ನೋ ಸರ್ವೆ ನಕ್ಷೆಯಲ್ಲಿರೋ ಗೆರೆಯನ್ನು ನೆಲದ ಮೇಲೆ ಹೇಗೆ ಹಿಡೀತಾರೆ, ಬಾಂದಿನ ಕಲ್ಲು ಎಲ್ಲಿರಬೇಕಿತ್ತು ಎಲ್ಲಿದೆ, ಇದು ಒಂದು ಸಲ ನೋಡಿದರೆ ಆಮೇಲೆ ಸರ್ವೇಯರ್‌ಗೆ ಪಾಟೀಸವಾಲು ಮಾಡುವಾಗ ಯಾರೂ ನಿಮ್ಮನ್ನು ಏಮಾರಿಸೋಕೆ ಆಗಲ್ಲ.

ಇನ್ನು ಕಕ್ಷಿದಾರರು. ಪಾಲು ಕೇಳಿ ಬರೋರಲ್ಲಿ ಹೆಣ್ಣುಮಕ್ಕಳೇ ಜಾಸ್ತಿ, ಅವರು ಮನೆಯ ವಿಷಯ ಬಿಚ್ಚಿ ಹೇಳೋದು ನಮ್ಮ ಹತ್ತಿರ. ಕರ್ನಾಟಕದಲ್ಲಿ 1994ರಲ್ಲೇ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಬಂತು, ಆದರೆ ಅದಕ್ಕೆ ಮೊದಲೇ ಮದುವೆ ಆದವರನ್ನು ಹೊರಗಿಟ್ಟಿದ್ದರು. 2005ರ ಕೇಂದ್ರದ ತಿದ್ದುಪಡಿ ಆ ಭೇದ ತೆಗೀತು. 2020ರ ವಿನೀತಾ ಶರ್ಮಾ ತೀರ್ಪು ತಂದೆ 2005ರಲ್ಲಿ ಬದುಕಿರಬೇಕು ಅನ್ನೋ ವಾದವನ್ನೂ ಮುಗಿಸಿತು. ಎದುರುಗಡೆಯವರ ಮಾಮೂಲಿ ಜವಾಬು, "ನಮ್ಮಲ್ಲಿ ಯಾವಾಗಲೋ ಬಾಯಿಮಾತಿನ ಪಾಲು ಆಗಿದೆ" ಅಂತ. 2004ರ ಡಿಸೆಂಬರ್ 20ಕ್ಕೆ ಮೊದಲು ರಿಜಿಸ್ಟರ್ ಆದ ಪಾಲುಪಟ್ಟಿ ಇದ್ದರೆ, ಅಥವಾ ಕೋರ್ಟ್ ಡಿಕ್ರಿ ಇದ್ದರೆ ಅದು ಬೇರೆ. ಬಾಯಿಮಾತಿಗೆ ಕೋರ್ಟ್ ಅಷ್ಟು ಸುಲಭಕ್ಕೆ ಒಪ್ಪಲ್ಲ.

ಕಷ್ಟದ್ದು ಹಕ್ಕುಖುಲಾಸೆ ಪತ್ರ, ಅಂದರೆ ತನ್ನ ಪಾಲಿನ ಹಕ್ಕು ಬಿಟ್ಟುಕೊಡೋ ಪತ್ರ. ಅಣ್ಣ ಬಂದು "ಸುಮ್ನೆ ಒಂದು ಸಹಿ, ಸಾಲಕ್ಕೆ ಬೇಕು" ಅಂತ ಕರ್ಕೊಂಡು ಹೋಗಿರ್ತಾನೆ. ರಿಜಿಸ್ಟರ್ ಆದ ಪತ್ರ, ಸಹಿ ತನ್ನದೇ. ಮೋಸ ಅಂತ ಸಾಬೀತು ಮಾಡೋಕೆ ಬಹಳ ಬೆವರು ಹರಿಸಬೇಕು. ಎಷ್ಟೋ ಜನ ಅಣ್ಣನ ಮುಖ ನೋಡಿ ಗೊತ್ತಿದ್ದೇ ಸಹಿ ಹಾಕಿರ್ತಾರೆ, ತವರು ಬಾಗಿಲು ಮುಚ್ಚಿಹೋಗುತ್ತೆ ಅಂತ. ಅದನ್ನು ಕೇಸು ಅಂತ ಮಾಡಬೇಕಾ ಬೇಡವಾ ಅನ್ನೋದು ಅವರ ತೀರ್ಮಾನ, ನಮ್ಮದಲ್ಲ. ನಮ್ಮ ಕೆಲಸ ಎರಡೂ ಕಡೆ ಏನಾಗುತ್ತೆ ಅಂತ ಬಿಡಿಸಿ ಹೇಳೋದು.

ಸ್ಟೈಪೆಂಡ್ ವಿಷಯ ನಾಚಿಕೆ ಬಿಟ್ಟು ಮೊದಲ ದಿನವೇ ಕೇಳಿ. "ತಿಂಗಳಿಗೆ ಎಷ್ಟು ಕೊಡ್ತೀರಿ, ಸ್ವಂತ ಕೇಸು ಬಂದರೆ ನಾನೇ ನಡೆಸಬಹುದಾ" ಅಂತ ಎರಡೂ. ಎರಡನೇದು ಮೊದಲನೇದಕ್ಕಿಂತ ಮುಖ್ಯ. ಸಂಬಳಕ್ಕೆ ಅಂತ ಕಂಪನಿಯ ಲಾ ಆಫೀಸರ್ ಆದರೆ ಪೂರ್ಣಾವಧಿ ಕೆಲಸ ಇರೋವರೆಗೆ ಸನ್ನದು (ವಕೀಲಿಕೆಯ ಪರವಾನಗಿ) ಪಕ್ಕಕ್ಕಿಡಬೇಕಾಗುತ್ತೆ, ಅದೂ ಗೊತ್ತಿರಲಿ.

ಫಾರಂ15:

ಒಂದು ಸೇರಿಸ್ತೀನಿ. ನಮ್ಮ ರಾಜ್ಯ ಒಂದೇ ಆದರೂ ದಾಖಲೆಗಳು, ಹಳೇ ಹಿಡುವಳಿ ಪದ್ಧತಿಗಳು ಒಂದೇ ಥರ ಅಲ್ಲ. ಹಳೇ ಮೈಸೂರಿನಲ್ಲಿ ಇನಾಂ, ಜೋಡಿ. ನಿಮ್ಮ ಕಡೆ ಮುಂಬೈ ಪ್ರಾಂತ್ಯದ ಪದ್ಧತಿ, ವತನ ಜಮೀನು. ಕರಾವಳಿಯಲ್ಲಿ ಮೂಲಗೇಣಿ, ಕೊಡಗಿನಲ್ಲಿ ಜಮ್ಮಾ. ನಿಮ್ಮ ಕಡೆಯ ಹಳೇ ದಾಖಲೆ ನಿಮ್ಮಷ್ಟು ಚೆನ್ನಾಗಿ ಬೆಂಗಳೂರಿನವರಿಗೆ ತಿಳಿಯಲ್ಲ, ಅದನ್ನು ಬಂಡವಾಳ ಮಾಡಿಕೊಳ್ಳಿ.

ಪರೀಕ್ಷೆ ಮುಗಿದ ಮೇಲೆ ರಿಸಲ್ಟ್ ಬರೋವರೆಗೆ ಸುಮ್ನೆ ಕೂರೋ ಬದಲು ನಿಮ್ಮ ಮನೆಯದ್ದೇ ಒಂದು ಸರ್ವೆ ನಂಬರ್ ಹಿಡಿರಿ. ಆನ್‌ಲೈನ್ ಪಹಣಿ, ಅದಕ್ಕೂ ಹಿಂದಿನ ಕೈಬರಹದ್ದು, ಎಲ್ಲ ಮ್ಯುಟೇಷನ್‌ಗಳು, ಆಕಾರಬಂದ್, ಟಿಪ್ಪಣಿ, ಇಸಿ (ಋಣಭಾರ ಪ್ರಮಾಣಪತ್ರ). ಇಸಿ 2004ರಿಂದ ಈಚೆಗೆ ಕಂಪ್ಯೂಟರಿನದ್ದು, ಅದಕ್ಕೆ ಹಿಂದಿನದನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಪುಸ್ತಕ ಹುಡುಕಿಸಿ ತಗೊಳ್ಳಬೇಕು. ಋಣ ಇದ್ದರೆ ಫಾರಂ 15, ಇಲ್ಲದಿದ್ದರೆ 16. ಎಲ್ಲ ಜೋಡಿಸಿ ಎರಡು ಪುಟದ ಟೈಟಲ್ ರಿಪೋರ್ಟ್ ಬರೀರಿ. ಯಾವ ಆಫೀಸಿಗೆ ಸಂದರ್ಶನಕ್ಕೆ ಹೋದರೂ ಅದನ್ನೇ ಮುಂದಿಡಿ.

ಹಿಂದಿನಬೆಂಚು:

ಉತಾರ (ಪಹಣಿ) ಆನ್‌ಲೈನ್‌ನಲ್ಲಿ ಈಗಷ್ಟೇ ತೆಗೆದು ನೋಡಿದೆ. 11ನೇ ಕಾಲಂನಲ್ಲಿ ಸೊಸೈಟಿ ಸಾಲ ಅಂತ ಒಂದು ಎಂಟ್ರಿ ಇದೆ. ಅಜ್ಜ ಇದ್ದಾಗಲೇ ತೀರಿಸಿದ್ದು ಅಂತಾರೆ ಅಪ್ಪ. ಪಹಣಿಯಲ್ಲಿ ಅಜ್ಜನ ಹೆಸರೇ ಇಲ್ಲ ಈಗ, ಸಾಲ ಮಾತ್ರ ಇದೆ. ಇದೇನು ಹೀಗೆ?

ಫಾರಂ15:

ನೋಡಿ, ಮೊದಲ ಫೈಲ್ ಸಿಕ್ಕಿತು. ಸಾಲ ತೀರಿಸಿದಾಗ ಸೊಸೈಟಿಯವರು ತೀರುವಳಿ ಪತ್ರ ಕೊಟ್ಟಿರ್ತಾರೆ ಅಥವಾ ಕೊಟ್ಟೇ ಇರಲ್ಲ, ಕೊಟ್ಟಿದ್ದರೂ ಅದನ್ನು ಯಾರೂ ಭೂಮಿ ಕೇಂದ್ರಕ್ಕೆ ಒಯ್ದಿರಲ್ಲ. ಪೌತಿ ಖಾತೆ ಆದಾಗ 9ನೇ ಕಾಲಂ ಬದಲಾಯಿತು, 11 ಹಾಗೇ ಉಳಿಯಿತು. ಸೊಸೈಟಿಗೆ ಹೋಗಿ ಹಳೇ ಸಾಲದ ಖಾತೆ ತೆಗೆಸಿ, ಬಾಕಿ ಇಲ್ಲ ಅಂತ ಈಗಿನ ತಾರೀಕಿಗೆ ಪತ್ರ ಬರೆಸಿಕೊಳ್ಳಿ. ಅಡಮಾನ ಪತ್ರ ರಿಜಿಸ್ಟರ್ ಆಗಿತ್ತಾ ಅಂತ ಇಸಿಯಲ್ಲಿ ನೋಡಿ. ಆಗಿದ್ದರೆ ಅದರ ಬಿಡುಗಡೆ ಪತ್ರವೂ ಬೇಕು. ಆಮೇಲೆ ಋಣ ತೆಗೆಯೋಕೆ ಅರ್ಜಿ. ಅರ್ಜಿಯನ್ನು ಬೇರೆ ಯಾರ ಕೈಲೂ ಬರೆಸಬೇಡಿ, ನೀವೇ ಬರೀರಿ, ಸ್ವೀಕೃತಿ ಪಡೆಯೋದು ಮರೀಬೇಡಿ.